ಶರ್ಟಿನ ಕಾಲರ್, ಫೋನಿನ ಕಾಲರ್: ಡಿಕ್ಷನರಿಯ ಉಚ್ಚಾರಣೆ ಗುರುತುಗಳನ್ನು ಓದುವುದು ಹೀಗೆ

ನನ್ನ ಮೊದಲ ಕೆಲಸ ಫೋನಿನಲ್ಲಿ ಇಂಗ್ಲೆಂಡಿನ ಗಿರಾಕಿಗಳ ಜೊತೆ ಮಾತಾಡುವುದು. ಸೇರಿದ ಎರಡನೇ ವಾರವೋ ಏನೋ, ಆ ಕಡೆಯ ಮೇಲಧಿಕಾರಿಗೆ "ಕಾಲರ್ ತುಂಬಾ ಸಿಟ್ಟಾಗಿದ್ದಾರೆ" ಅಂತ ಇಂಗ್ಲಿಷಿನಲ್ಲಿ ಹೇಳಿದೆ. ಅವರು ಒಂದು ಗಳಿಗೆ ಸುಮ್ಮನಿದ್ದು, "ಯಾರ ಕಾಲರ್?" ಅಂತ ಕೇಳಿದರು. ಶರ್ಟಿನ ಕಾಲರಿಗೆ ಸಿಟ್ಟು ಬಂದಿದೆ ಅಂತ ಅವರಿಗೆ ಕೇಳಿಸಿತ್ತು. ನಾನು ಅದೇ ಪದವನ್ನು ಇನ್ನೂ ಜೋರಾಗಿ ಮೂರು ಸಲ ಹೇಳಿದೆ, ಏನೂ ಪ್ರಯೋಜನ ಆಗಲಿಲ್ಲ.

ರಾತ್ರಿ ಡಿಕ್ಷನರಿ ತೆಗೆದು ಎರಡೂ ಪದಗಳನ್ನು ಅಕ್ಕಪಕ್ಕ ಇಟ್ಟು ನೋಡಿದೆ. ಪ್ರತಿ ಪದದ ಪಕ್ಕದಲ್ಲಿ ಎರಡು ಓರೆಗೆರೆಗಳ ಮಧ್ಯೆ ಏನೋ ಬರೆದಿರುತ್ತದಲ್ಲ, ನಾವೆಲ್ಲ ಕಣ್ಣು ಹಾಯಿಸದೆ ದಾಟಿ ಹೋಗುವ ಜಾಗ, ಅಲ್ಲೇ ಉತ್ತರ ಇತ್ತು. ಶುರು ಒಂದೇ, ಕೊನೆ ಒಂದೇ, ಮಧ್ಯದ ಸ್ವರ ಮಾತ್ರ ಬೇರೆ. ಶರ್ಟಿನ ಕಾಲರಿನಲ್ಲಿ ಕೈಬರಹದ ಎ ಅಕ್ಷರವನ್ನು ತಲೆಕೆಳಗು ಮಾಡಿದಂಥ ಗುರುತು. ಫೋನಿನ ಕಾಲರಿನಲ್ಲಿ ಕನ್ನಡಿಯಲ್ಲಿ ಕಂಡ ಸಿ ಅಕ್ಷರ, ಅದರ ಪಕ್ಕ ಎರಡು ಚುಕ್ಕೆ. ಮೊದಲನೆಯದು ಗಿಡ್ಡ, ಬಾಯಿ ತೆರೆದು ತುಟಿ ಸ್ವಲ್ಪವೇ ದುಂಡು. ಎರಡನೆಯದು ಉದ್ದ, ತುಟಿ ಚೆನ್ನಾಗಿ ದುಂಡು, ನಮ್ಮ ಆ ಮತ್ತು ಓ ಎರಡರ ನಡುವೆ ಎಲ್ಲೋ ನಿಲ್ಲುವ ಸ್ವರ. ಕನ್ನಡದಲ್ಲಿ ಬರೆದರೆ ಎರಡೂ "ಕಾಲರ್". ಕಾಲರ್ ಟ್ಯೂನ್ ಅನ್ನುವಾಗ ನಮಗೆ ಯಾವತ್ತೂ ತೊಂದರೆ ಆಗಿಲ್ಲ, ಹಾಗಾಗಿ ನನ್ನ ಕಿವಿ ಈ ವ್ಯತ್ಯಾಸವನ್ನು ಹುಡುಕಿಯೇ ಇರಲಿಲ್ಲ.

"ಈಗ ಡಿಕ್ಷನರಿಯಲ್ಲಿ ಸ್ಪೀಕರ್ ಗುಂಡಿ ಒತ್ತಿದರೆ ದನಿಯೇ ಕೇಳುತ್ತೆ, ಈ ಗುರುತೆಲ್ಲ ಯಾಕೆ?" ಅಂತ ಕೇಳಬಹುದು. ನಾನೂ ಒತ್ತಿದ್ದೆ. ಎರಡೂ ಒಂದೇ ಥರ ಕೇಳಿಸಿದವು! ಕಿವಿ ತನಗೆ ಗೊತ್ತಿರುವ ಸದ್ದನ್ನೇ ಕೇಳಿಸಿಕೊಳ್ಳುತ್ತದೆ. ಗುರುತು ನೋಡಿ "ಓಹೋ, ಇಲ್ಲಿ ಏನೋ ಬೇರೆ ಇದೆ" ಅಂತ ಗೊತ್ತಾದ ಮೇಲೆ ಮತ್ತೆ ಒತ್ತಿದಾಗ ಮಾತ್ರ ವ್ಯತ್ಯಾಸ ಕೇಳಿಸಿತು. ಹಾಗಾಗಿ ಮೊದಲು ಕಣ್ಣು, ಆಮೇಲೆ ಕಿವಿ, ಕೊನೆಗೆ ಬಾಯಿ. ಮುಂದೆ ಹೇಳುವುದೆಲ್ಲ ಇದೇ ಕ್ರಮದಲ್ಲಿ.

ಶುರು ಮಾಡುವ ಮುಂಚೆ

ಫೋನಿನಲ್ಲೋ ಕಂಪ್ಯೂಟರಿನಲ್ಲೋ ಒಂದು ಡಿಕ್ಷನರಿ ತೆರೆದಿಟ್ಟುಕೊಳ್ಳಿ. ಕೇಂಬ್ರಿಡ್ಜ್ ಅಥವಾ ಆಕ್ಸ್‌ಫರ್ಡಿನ ಕಲಿಯುವವರ ಡಿಕ್ಷನರಿ ಸಾಕು, ಎರಡೂ ಇಂಟರ್ನೆಟ್ಟಿನಲ್ಲಿ ಪುಕ್ಕಟೆ ಸಿಗುತ್ತವೆ, ಎರಡರಲ್ಲೂ ಬ್ರಿಟಿಷ್ ಮತ್ತು ಅಮೆರಿಕನ್ ಉಚ್ಚಾರಣೆ ಬೇರೆ ಬೇರೆ ಕೊಟ್ಟಿರುತ್ತಾರೆ. ಮೆರಿಯಮ್ ವೆಬ್‌ಸ್ಟರ್ ಒಳ್ಳೆಯ ಡಿಕ್ಷನರಿಯೇ, ಆದರೆ ಅದರ ಉಚ್ಚಾರಣೆ ಪದ್ಧತಿ ಅದರದ್ದೇ. ಅಕ್ಷರದ ತಲೆ ಮೇಲೆ ಅಡ್ಡಗೆರೆ ಕಂಡರೆ ನೀವು ಬೇರೆ ಪದ್ಧತಿಗೆ ಹೋಗಿದ್ದೀರಿ ಅಂತ ತಿಳಿಯಿರಿ, ಎರಡನ್ನೂ ಬೆರೆಸಬೇಡಿ. ನಿಮ್ಮ ಗಿರಾಕಿಗಳು, ಮೇಷ್ಟ್ರು ಅಥವಾ ಬಾಸ್ ಯಾವ ದೇಶದವರೋ ಆ ದೇಶದ್ದನ್ನು ಆರಿಸಿಕೊಂಡು ಅದಕ್ಕೇ ಅಂಟಿಕೊಳ್ಳಿ. ನಾನು ಇಲ್ಲಿ ಬ್ರಿಟಿಷ್ ಉಚ್ಚಾರಣೆ ಹಿಡಿದು ಹೇಳುತ್ತೇನೆ.

ಒಂದು ಮಾತು. ನನ್ನ ಕೀಬೋರ್ಡಿನಲ್ಲಿ ಈ ಗುರುತುಗಳಿಲ್ಲ, ನಿಮ್ಮದರಲ್ಲೂ ಇರಲಿಕ್ಕಿಲ್ಲ. ಅದಕ್ಕೇ ಪ್ರತಿಯೊಂದನ್ನೂ ಆಕಾರದಿಂದ ಹೇಳುತ್ತೇನೆ. ನೀವು ಡಿಕ್ಷನರಿಯಲ್ಲಿ ಹುಡುಕಿ ಪೆನ್ಸಿಲಿನಲ್ಲಿ ಬರೆದುಕೊಳ್ಳಿ. ಹಾಗೆ ಬರೆದರೇ ನೆನಪಿರುತ್ತದೆ.

ಈ ಗುರುತುಗಳ ಹಿಂದೆ ಇರುವುದು 1886ರಲ್ಲಿ ಪ್ಯಾರಿಸ್ಸಿನಲ್ಲಿ ಭಾಷೆ ಕಲಿಸುವ ಮೇಷ್ಟ್ರುಗಳು ಕಟ್ಟಿದ ಸಂಘ. ಪಾಲ್ ಪಾಸಿ ಅನ್ನುವ ಫ್ರೆಂಚ್ ಶಿಕ್ಷಕ ಅದರ ಮುಂದಾಳು. ಒಂದು ಸದ್ದಿಗೆ ಒಂದೇ ಗುರುತು, ಒಂದು ಗುರುತಿಗೆ ಒಂದೇ ಸದ್ದು ಅನ್ನುವುದು ಅವರ ನಿಯಮ. ಕನ್ನಡದವರಿಗೆ ಇದೇನು ಹೊಸದು ಅನ್ನಿಸಬಹುದು, ನಾವು ಬರೆದ ಹಾಗೇ ಓದುವವರು. (ಪೂರ್ತಿ ಅಲ್ಲ ಬಿಡಿ. ಬ್ರಹ್ಮ ಅಂತ ಬರೆದು ಬ್ರಮ್ಹ ಅನ್ನುತ್ತೇವೆ, ಚಿಹ್ನೆ ಅಂತ ಬರೆದು ಚಿನ್ಹೆ ಅನ್ನುತ್ತೇವೆ.) ಇಂಗ್ಲಿಷಿನ ಕಥೆ ಬೇರೆ. 1476ರಲ್ಲಿ ವಿಲಿಯಂ ಕ್ಯಾಕ್ಸ್‌ಟನ್ ವೆಸ್ಟ್‌ಮಿನ್‌ಸ್ಟರಿನಲ್ಲಿ ಅಚ್ಚುಕೂಟ ಹಾಕಿದ ಕಾಲದ ಸ್ಪೆಲ್ಲಿಂಗು ಹೆಚ್ಚುಕಡಿಮೆ ಅಲ್ಲೇ ಕೂತಿತು, ಜನರ ಬಾಯಲ್ಲಿ ಸ್ವರಗಳು ಮಾತ್ರ ಮುಂದಿನ ಇನ್ನೂರು ಮುನ್ನೂರು ವರ್ಷ ಬದಲಾಗುತ್ತಲೇ ಹೋದವು. ಈಗ ಬ್ರಿಟಿಷ್ ಇಂಗ್ಲಿಷಿನಲ್ಲಿ ಸುಮಾರು 44 ಸದ್ದುಗಳಿವೆ, ಅಕ್ಷರ 26. ಅದರಲ್ಲಿ 20 ಸ್ವರಗಳು, ಅವನ್ನು ಹೊರುವುದಕ್ಕೆ ಸ್ವರಾಕ್ಷರ ಬರೀ ಐದು. ಬಿ ಯು ಟಿ ಬಟ್ ಆದರೆ ಪಿ ಯು ಟಿ ಯಾಕೆ ಪುಟ್ ಅಂತ ಸ್ಕೂಲಿನಲ್ಲಿ ಜಗಳ ಆಡಿದ್ದೆವಲ್ಲ, ಅದಕ್ಕೆ ಓರೆಗೆರೆಗಳ ಒಳಗೆ ನೇರ ಉತ್ತರ ಇದೆ. ಬಟ್‌ನಲ್ಲಿ ತಲೆಕೆಳಗಾದ ವಿ, ಅಂದರೆ ಸುಮಾರಾಗಿ ನಮ್ಮ ಅ. ಪುಟ್‌ನಲ್ಲಿ ಕುದುರೆ ಲಾಳವನ್ನು ಬಾಯಿ ಮೇಲೆ ಮಾಡಿ ಇಟ್ಟಂಥ ಗುರುತು, ಅಂದರೆ ಉ.

ಮೊದಲು ಆ ನಿಂತ ಕಡ್ಡಿಯನ್ನು ನೋಡಿ

ಜನ ಸಾಮಾನ್ಯವಾಗಿ ಸ್ವರ, ವ್ಯಂಜನ ಅಂತ ಒಂದೊಂದೇ ಕಲಿಯಲು ಹೋಗಿ ಮೂರನೇ ದಿನ ಬಿಡುತ್ತಾರೆ. ನನ್ನ ಪ್ರಕಾರ ಮೊದಲು ಕಲಿಯಬೇಕಾದದ್ದು ಅಕ್ಷರವೇ ಅಲ್ಲದ ಒಂದು ಗುರುತು. ಪದದೊಳಗೆ ಎಲ್ಲೋ ಒಂದು ಕಡೆ ಸಾಲಿನ ಮೇಲುಗಡೆ ಸಣ್ಣ ಕಡ್ಡಿ ನಿಂತಿರುತ್ತದೆ. ಅದು ಒತ್ತಿನ ಗುರುತು. (ನಮ್ಮ ಒತ್ತಕ್ಷರಕ್ಕೂ ಇದಕ್ಕೂ ಸಂಬಂಧ ಇಲ್ಲ.) ಕಡ್ಡಿ ಆದ ಮೇಲೆ ಬರುವ ತುಂಡನ್ನು ಜೋರಾಗಿ, ಉದ್ದವಾಗಿ, ದನಿ ಸ್ವಲ್ಪ ಏರಿಸಿ ಹೇಳಬೇಕು. ಕಡ್ಡಿಯ ಹಿಂದಿನದಲ್ಲ, ಮುಂದಿನದು. ಇಲ್ಲಿ ತುಂಬಾ ಜನ ಎಡವುತ್ತಾರೆ. ಉದ್ದ ಪದಗಳಲ್ಲಿ ಸಾಲಿನ ಕೆಳಗಡೆ ಇನ್ನೊಂದು ಕಡ್ಡಿ ಇರುತ್ತದೆ, ಅದು ಅರ್ಧ ಒತ್ತು. ಶುರುವಿನಲ್ಲಿ ಅದನ್ನು ಮರೆತುಬಿಡಿ.

ಕನ್ನಡದಲ್ಲಿ ಯಾವ ಅಕ್ಷರ ಒತ್ತಿ ಹೇಳಿದರೂ ಅರ್ಥ ಕೆಡುವುದಿಲ್ಲ. ಅದಕ್ಕೇ ನಾವು ಇಂಗ್ಲಿಷನ್ನೂ ಅಕ್ಕಿ ಅಳೆದ ಹಾಗೆ ಸಮನಾಗಿ ಹೇಳುತ್ತೇವೆ, ಇಲ್ಲವೇ ಎಲ್ಲ ಪದಕ್ಕೂ ಮೊದಲ ಅಕ್ಷರವನ್ನೇ ಒತ್ತುತ್ತೇವೆ. ಹೋಟೆಲ್ ತೆಗೆದುಕೊಳ್ಳಿ. ನಮಗದು ಹೋಟ್ಲು, "ಹೋ" ಜೋರು, ಉಳಿದದ್ದು ನುಂಗಿದ್ದು. ಡಿಕ್ಷನರಿಯಲ್ಲಿ ಕಡ್ಡಿ "ಟೆಲ್" ಮುಂಚೆ ಇದೆ. ಈವೆಂಟ್ ಅಂತೀವಿ, ಕಡ್ಡಿ "ವೆಂಟ್" ಮುಂಚೆ ಇದೆ, ಮೊದಲಿನದು ದೀರ್ಘ ಈ ಕೂಡ ಅಲ್ಲ, ಗಿಡ್ಡ ಇ. ಕಮಿಟಿಯಲ್ಲಿ "ಮಿ" ಮೇಲೆ ಒತ್ತು. ಇಂಗ್ಲಿಷ್ ಮಾತೃಭಾಷೆಯವರು ಪದವನ್ನು ಹಿಡಿಯುವುದೇ ಒತ್ತಿನಿಂದ. ಎಲ್ಲ ಸದ್ದು ಸರಿ ಇದ್ದು ಒತ್ತು ತಪ್ಪಿದರೆ ಅವರಿಗೆ ಪದವೇ ಸಿಗುವುದಿಲ್ಲ, ಒತ್ತು ಸರಿ ಇದ್ದು ಒಂದೆರಡು ಸದ್ದು ಆಚೀಚೆ ಆದರೆ ಹೇಗೋ ಊಹಿಸಿಕೊಳ್ಳುತ್ತಾರೆ. ಇದು ನನಗೆ ಫೋನಿನ ಮೇಲೆ ಎರಡು ವರ್ಷ ಪೆಟ್ಟು ತಿಂದು ಗೊತ್ತಾದದ್ದು.

ಒತ್ತಿನ ಇನ್ನೊಂದು ಮುಖ ಒತ್ತು ಇಲ್ಲದ ಜಾಗ. ಅಲ್ಲಿ ಸ್ವರ ಸೊರಗಿ ಹೋಗುತ್ತದೆ. ಅದರ ಗುರುತು ಇಂಗ್ಲಿಷಿನ ಸಣ್ಣ ಇ ಅಕ್ಷರವನ್ನು, ಎಗ್ ಅಂತ ಬರೆಯುವಾಗ ಮೊದಲು ಬರುತ್ತದಲ್ಲ ಅದನ್ನು, ತಲೆಕೆಳಗು ಮಾಡಿದ್ದು. ಹೆಸರು ಶ್ವಾ. ಇಂಗ್ಲಿಷಿನಲ್ಲಿ ಅತಿ ಹೆಚ್ಚು ಬರುವ ಸ್ವರ ಇದೇ. ಬಾಯಿಗೆ ಏನೂ ಕೆಲಸ ಕೊಡದೆ, ತುಟಿ ದವಡೆ ಸಡಿಲ ಬಿಟ್ಟು, ಅರ್ಧ ಮನಸ್ಸಿನಿಂದ ಅ ಅಂದರೆ ಶ್ವಾ. ಯಾರೋ ಪ್ರಶ್ನೆ ಕೇಳಿದಾಗ ಉತ್ತರ ಗೊತ್ತಿಲ್ಲದೆ "ಅ..." ಅಂತೀವಲ್ಲ, ಹಾಗೆ.

ಈಗ ವೆಜಿಟೇಬಲ್ ನೋಡಿ. ನಮ್ಮ ಬಾಯಲ್ಲಿ ಅದರೊಳಗೆ ಒಂದು ಟೇಬಲ್ ಇದೆ. ಕಂಫರ್ಟೇಬಲ್‌ನಲ್ಲೂ ಒಂದು ಟೇಬಲ್. ಡಿಕ್ಷನರಿಯಲ್ಲಿ ಎಲ್ಲೂ ಟೇಬಲ್ ಇಲ್ಲ, ಆ ಜಾಗದಲ್ಲಿ ಒಂದು ಶ್ವಾ ಕೂತಿದೆ. ವೆಜಿಟಬಲ್ ಪೂರ್ತಿ ಪದ ಮೂರೇ ತುಂಡು: ವೆಜ್, ಟ, ಬಲ್. ಒತ್ತು "ವೆಜ್" ಮೇಲೆ. ಸ್ಪೆಲ್ಲಿಂಗಿನ ಮಧ್ಯದ ಒಂದು ಸ್ವರ ಪೂರ್ತಿ ಮಾಯ.

ಅಕಾಡೆಮಿಯ ವಿಷಯ ಇನ್ನೂ ಮಜಾ. ಸಾಹಿತ್ಯ ಅಕಾಡೆಮಿ, ನಾಟಕ ಅಕಾಡೆಮಿ ಅಂತ ಅದು ಕನ್ನಡದ್ದೇ ಪದ ಆಗಿಬಿಟ್ಟಿದೆ, ಕನ್ನಡ ಮಾತಾಡುವಾಗ ಹಾಗೇ ಅನ್ನಿ, ಯಾರೂ ತಿದ್ದಬೇಕಾಗಿಲ್ಲ. ಇಂಗ್ಲಿಷಿನಲ್ಲಿ ಮಾತ್ರ ಕಡ್ಡಿ ಎರಡನೇ ತುಂಡಿನ ಮುಂಚೆ: ಅ-ಕ್ಯಾ-ಡ-ಮಿ, "ಕ್ಯಾ" ಜೋರು, ಅದರ ಹಿಂದೆ ಮುಂದೆ ಎರಡೂ ಕಡೆ ಶ್ವಾ. ಅದೇ ಪದಕ್ಕೆ ಬಾಲ ಸೇರಿಸಿ ಅಕಡೆಮಿಕ್ ಮಾಡಿದರೆ ಕಡ್ಡಿ ಜಾರಿ "ಡೆ" ಮುಂಚೆ ಹೋಗುತ್ತದೆ, "ಕ್ಯಾ" ಸೊರಗಿ ಶ್ವಾ ಆಗುತ್ತದೆ, ಮೊದಲಿನ ಶ್ವಾ ಎದ್ದು ಕೂತು "ಆ್ಯ" ಆಗುತ್ತದೆ. ಸ್ಪೆಲ್ಲಿಂಗ್ ನೋಡಿದರೆ ಇದ್ಯಾವುದೂ ಗೊತ್ತಾಗುವುದಿಲ್ಲ. ಎರಡೂ ಪದಗಳ ಓರೆಗೆರೆ ಒಳಗಿನದ್ದನ್ನು ಒಂದರ ಕೆಳಗೆ ಒಂದು ಬರೆದು ನೋಡಿ, ಒಂದೇ ಸಲಕ್ಕೆ ಅರ್ಥ ಆಗುತ್ತದೆ.

ಗೊತ್ತಿರುವ ಅಕ್ಷರಗಳೇ ಮೋಸ ಮಾಡುವುದು

ವಿಚಿತ್ರ ಗುರುತುಗಳಿಗಿಂತ ಪರಿಚಯದ ಅಕ್ಷರಗಳು ಜಾಸ್ತಿ ಕೈ ಕೊಡುತ್ತವೆ. ಓರೆಗೆರೆಗಳ ಒಳಗೆ ಜೆ ಕಂಡರೆ ಅದು ಜ ಅಲ್ಲ, ಯ. ಯೆಸ್, ನೋ ಅನ್ನುವಾಗಿನ ಯೆಸ್ ಪದ ಅಲ್ಲಿ ಜೆ ಇಂದ ಶುರುವಾಗುತ್ತದೆ. ಜರ್ಮನ್ನರು ಯ ಸದ್ದಿಗೆ ಜೆ ಬರೆಯುತ್ತಾರಲ್ಲ, ಅದೇ ರೂಢಿ. ನಿಜವಾದ ಜ ಸದ್ದಿಗೆ ಡಿ ಮತ್ತು ಬಾಲ ಇಳಿಬಿಟ್ಟ 3ರ ಹಾಗಿನ ಗುರುತು, ಎರಡೂ ಜೋಡಿಯಾಗಿ ಬರುತ್ತವೆ. ಹಾಗೇ ಚ ಸದ್ದಿಗೆ ಟಿ ಮತ್ತು ಒಂದು ಉದ್ದನೆಯ ಎಸ್, ಪಿಟೀಲಿನ ಹೊಟ್ಟೆ ಮೇಲಿನ ತೂತಿನ ಹಾಗೆ ಇರುತ್ತದೆ. ಆ ಉದ್ದ ಎಸ್ ಒಂಟಿಯಾಗಿ ಬಂದರೆ ಶ.

ಸಣ್ಣ ಇ ಅಕ್ಷರ ನೇರವಾಗಿ ನಿಂತಿದ್ದರೆ ಯಾವಾಗಲೂ ನಮ್ಮ ಎ, ಬೆಡ್‌ನಲ್ಲಿರುವಂತೆ. ಯಾವತ್ತೂ ಈ ಅಲ್ಲ. ಸಿ, ಕ್ಯೂ, ಎಕ್ಸ್ ಅಕ್ಷರಗಳು ಇಂಗ್ಲಿಷ್ ಪದಗಳ ಓರೆಗೆರೆ ಒಳಗೆ ಬರುವುದಿಲ್ಲ ಅಂತಲೇ ಹೇಳಬಹುದು, ಯಾಕೆಂದರೆ ಇಂಗ್ಲಿಷಿನಲ್ಲಿ ಅವಕ್ಕೆ ಸ್ವಂತ ಸದ್ದಿಲ್ಲ. ಎಕ್ಸಾಮ್ ಅಂತ ನಾವೆಲ್ಲ ಅನ್ನುವ ಪದದಲ್ಲಿ ಎಕ್ಸ್ ಇರಬೇಕಾದ ಜಾಗದಲ್ಲಿ ಏನಿದೆ ನೋಡಿ: ಗ್ ಮತ್ತು ಝಡ್. ಶುರುವಿನಲ್ಲಿ ಎ ಬದಲು ಗಿಡ್ಡ ಇ. ಇಗ್‌ಜ಼್ಯಾಮ್ ಅಂತ ಆಗುತ್ತದೆ, ಒತ್ತು ಎರಡನೇ ತುಂಡಿನ ಮೇಲೆ.

ಸ್ವರದ ಪಕ್ಕದ ಎರಡು ಚುಕ್ಕೆ ನಮ್ಮ ವಿಸರ್ಗ ಅಲ್ಲ, ಅಃ ಅಂತ ಓದಬೇಡಿ. ಅದು ದೀರ್ಘದ ಗುರುತು. ಹ್ರಸ್ವ ದೀರ್ಘ ಗೊತ್ತಿರುವ ನಮಗೆ ಇದು ಸುಲಭ. ಇಂಗ್ಲಿಷಿನ ದೀರ್ಘದಲ್ಲಿ ಬಾಯಿಯ ಆಕಾರವೂ ಸ್ವಲ್ಪ ಬದಲಾಗುತ್ತದೆ ಅನ್ನುವುದನ್ನು ಮಾತ್ರ ನೆನಪಿಟ್ಟುಕೊಳ್ಳಿ. ಶಿಪ್‌ನ ಇ ಗುರುತು ಚುಕ್ಕೆ ಇಲ್ಲದ ಗಿಡ್ಡ ಕಡ್ಡಿ, ತಲೆಗೂ ಕಾಲಿಗೂ ಅಡ್ಡಪಟ್ಟಿ ಇರುವಂಥದ್ದು. ಶೀಪ್‌ನದು ಮಾಮೂಲಿ ಚುಕ್ಕೆಯ ಐ ಅಕ್ಷರ, ಪಕ್ಕ ಎರಡು ಚುಕ್ಕೆ. ಗುರುತೇ ಬೇರೆ ಇಟ್ಟಿರುವುದು ಅದಕ್ಕೇ. ಮೊದಲಿನದಕ್ಕೆ ಬಾಯಿ ಸಡಿಲ, ಎರಡನೆಯದಕ್ಕೆ ತುಟಿ ಅಗಲ, ನಗುವ ಹಾಗೆ.

ವ್ಯಂಜನಗಳಿಗೆ ನಮ್ಮ ವರ್ಣಮಾಲೆಯೇ ಸಾಕು

ಈ ಗುರುತುಗಳ ಪೂರ್ತಿ ಪಟ್ಟಿ ನೋಡಿದರೆ ನಿಮಗೆ ಒಂದು ಆಶ್ಚರ್ಯ ಕಾದಿದೆ. ವ್ಯಂಜನಗಳ ಕೋಷ್ಟಕ ಎಡಗಡೆ ತುಟಿಯಿಂದ ಶುರುವಾಗಿ ಹಲ್ಲು, ಅಂಗುಳ ದಾಟಿ ಬಲಗಡೆ ಗಂಟಲಿಗೆ ಮುಗಿಯುತ್ತದೆ. ನಾವು ಒಂದನೇ ಕ್ಲಾಸಿನಲ್ಲಿ ಕ ವರ್ಗ ಗಂಟಲಿನಿಂದ ಶುರು ಮಾಡಿ ಪ ವರ್ಗ ತುಟಿಗೆ ತಂದು ನಿಲ್ಲಿಸಿದ್ದೆವು. ಅದೇ ದಾರಿ, ಹಿಂದುಮುಂದು.

ಙ ನೆನಪಿದೆಯಾ? ಕ ಖ ಗ ಘ ಆದ ಮೇಲೆ ಬರುವ, ಬಾಯಿಪಾಠ ಮಾಡಿ ಆಮೇಲೆ ಜೀವಮಾನದಲ್ಲಿ ಒಂದೇ ಒಂದು ಸಲ ಬರೆಯದ ಅಕ್ಷರ. ಅದಕ್ಕೆ ಕೊನೆಗೂ ಕೆಲಸ ಸಿಕ್ಕಿತು. ಎನ್ ಅಕ್ಷರದ ಬಲಗಾಲು ಕೆಳಗೆ ಇಳಿದು ಒಳಕ್ಕೆ ಕೊಕ್ಕೆ ಹಾಕಿದ್ದರೆ ಅದು ಙ್. ಅಂಕ, ಅಂಗಿ ಅನ್ನುವಾಗ ಸೊನ್ನೆಯ ಜಾಗದಲ್ಲಿ ಬರುವ ಸದ್ದು. ಫಿಂಗರ್‌ನಲ್ಲಿ ಈ ಗುರುತಿನ ಮುಂದೆ ಗ್ ಇದೆ. ಸಿಂಗರ್‌ನಲ್ಲಿ ಗ್ ಇಲ್ಲವೇ ಇಲ್ಲ, ಬರೀ ಙ್. ಹಾಡುವವರಿಗೆ ನಾವು ಸುಮ್ನೆ ಒಂದು ಗ್ ಜಾಸ್ತಿ ಕೊಡುತ್ತಿದ್ದೇವೆ.

ಹೊಸದಾಗಿ ಕಲಿಯಬೇಕಾದ ವ್ಯಂಜನ ನಾಲ್ಕೈದು ಅಷ್ಟೆ. ಮೊಟ್ಟೆಯ ನಡುವೆ ಅಡ್ಡಗೆರೆ ಹಾಕಿದಂಥ ಗುರುತು ಥಿಂಕ್‌ನ ಮೊದಲ ಸದ್ದು. ನಮ್ಮ ಥ ಅಲ್ಲ ಇದು. ನಮ್ಮ ಥ ಹೇಳುವಾಗ ನಾಲಿಗೆ ಹಲ್ಲಿಗೆ ಬಡಿದು ಗಾಳಿ ಒಮ್ಮೆ ನಿಂತು ಹಾರುತ್ತದೆ. ಇಲ್ಲಿ ನಾಲಿಗೆಯ ತುದಿ ಹಲ್ಲುಗಳ ನಡುವೆ ಸ್ವಲ್ಪ ಇಣುಕಬೇಕು, ಗಾಳಿ ನಿಲ್ಲದೆ ಸೋರುತ್ತಾ ಇರಬೇಕು. ಅದೇ ಜಾಗದಲ್ಲಿ ಗಂಟಲು ಗುಂಯ್ ಅನ್ನಿಸಿದರೆ ದಿಸ್, ದಟ್‌ಗಳ ಮೊದಲ ಸದ್ದು, ಅದರ ಗುರುತು ಕತ್ತು ಬಗ್ಗಿಸಿದ ಡಿ, ಕತ್ತಿನ ಮೇಲೆ ಒಂದು ಗೀಟು. ಗುರುತು ನೋಡಿದರೆ ಇನ್ನೊಂದು ಲಾಭ ಇದೆ: ಸ್ಪೆಲ್ಲಿಂಗಿನಲ್ಲಿ ಟಿ ಎಚ್ ಇದ್ದ ಕಡೆಯೆಲ್ಲ ಈ ಸದ್ದು ಬರುವುದಿಲ್ಲ. ಥಾಮಸ್‌ನಲ್ಲಿ, ಲಂಡನ್ನಿನ ಥೇಮ್ಸ್ ನದಿಯಲ್ಲಿ ಬರೀ ಟಿ. ಆ ನದಿಯ ಹೆಸರು ಅವರ ಬಾಯಲ್ಲಿ ಟೆಮ್ಜ಼್.

ವಿ ಮತ್ತು ಡಬ್ಲ್ಯೂ ನಮಗೆ ಎರಡೂ ವ. ಬನಿಯನ್ ಅನ್ನುವ ವೆಸ್ಟ್, ಪಶ್ಚಿಮ ಅನ್ನುವ ವೆಸ್ಟ್ ಎರಡೂ ಒಂದೇ. ಓರೆಗೆರೆ ಒಳಗೆ ವಿ ಇದ್ದರೆ ಮೇಲಿನ ಹಲ್ಲು ಕೆಳತುಟಿಗೆ ತಾಗಬೇಕು. ಡಬ್ಲ್ಯೂ ಇದ್ದರೆ ಹಲ್ಲು ಎಲ್ಲಿಗೂ ತಾಗಬಾರದು, ಉ ಅನ್ನುವ ಹಾಗೆ ತುಟಿ ಮುಂದೆ ಚೂಪು ಮಾಡಿ ಅಲ್ಲಿಂದ ಬಿಡಬೇಕು. ನಮ್ಮ ವ ಇವೆರಡರ ಮಧ್ಯೆ ಇದೆ, ಹಾಗಾಗಿ ಕೇಳುವವರಿಗೆ ಒಂದು ಸಲ ಹಾಗೆ, ಒಂದು ಸಲ ಹೀಗೆ ಕೇಳಿಸುತ್ತದೆ. ಐದು ನಿಮಿಷ ಕನ್ನಡಿ ಮುಂದೆ ನಿಂತರೆ ಇದು ಬರುತ್ತದೆ, ಮನೆಯವರು ನಗುತ್ತಾರೆ ಅಷ್ಟೆ.

ಇನ್ನು ನಾವು ಸೇರಿಸುವ ಸದ್ದುಗಳು. ಎಲ್ಲಿ ಅನ್ನುವುದನ್ನು ಯೆಲ್ಲಿ, ಒಂದು ಅನ್ನುವುದನ್ನು ವಂದು ಅನ್ನುವ ಅಭ್ಯಾಸ ನಮ್ಮದು, ಕನ್ನಡದಲ್ಲಿ ಅದು ಸಹಜ. ಅದೇ ಅಭ್ಯಾಸದಲ್ಲಿ ಎಗ್ ಯೆಗ್ ಆಗುತ್ತದೆ, ಓನ್ಲಿ ವೋನ್ಲಿ ಆಗುತ್ತದೆ. ಗುರುತು ನೋಡಿ: ಎಗ್ ಶುರುವಿನಲ್ಲಿ ಜೆ ಇದೆಯಾ? ಇಲ್ಲ. ಹಾಗಾದರೆ ಯ ಬೇಡ. ಕಿವಿ ಅನ್ನುವ ಇಯರ್, ವರ್ಷ ಅನ್ನುವ ಇಯರ್ ಎರಡಕ್ಕೂ ವ್ಯತ್ಯಾಸ ಇರುವುದೇ ಆ ಒಂದು ಜೆ. ವರ್ಷಕ್ಕೆ ಇದೆ, ಕಿವಿಗೆ ಇಲ್ಲ.

ಹಾಗೇ ಸ್ಪೆಲ್ಲಿಂಗಿನಲ್ಲಿ ಎರಡು ಎನ್ ಕಂಡರೆ ನಾವು ಡಿನ್ನರ್ ಅಂತ ಒತ್ತಕ್ಷರ ಹಾಕಿಯೇ ಹೇಳುತ್ತೇವೆ. ಸಮ್ಮರ್, ಕಿಲ್ಲರ್, ಹ್ಯಾಪ್ಪಿ. ಓರೆಗೆರೆ ಒಳಗೆ ಎಲ್ಲದರಲ್ಲೂ ಒಂದೊಂದೇ ವ್ಯಂಜನ. ಡಿನರ್, ಸಮರ್. ಜೋಡಿ ಅಕ್ಷರ ಅಲ್ಲಿ ಬರೀ ಸ್ಪೆಲ್ಲಿಂಗಿನ ವ್ಯವಹಾರ. ಈ ಒಂದು ತಪ್ಪು ತಿದ್ದಿಕೊಂಡರೆ ಮಾತಿನ ಓಟವೇ ಬದಲಾಗುತ್ತದೆ, ಮಾಡಿ ನೋಡಿ.

ಭೂತಕಾಲದ ಇ ಡಿ ಕೂಡ ಹೀಗೇ. ಕುಕ್ಕೆಡ್, ವಾಷೆಡ್ ಅಂತ ಅನ್ನುವವರು ತುಂಬಾ ಜನ. ಡಿಕ್ಷನರಿಯಲ್ಲಿ ಕುಕ್ಟ್, ವಾಷ್ಟ್, ಕೊನೆಯಲ್ಲಿ ಬರೀ ಟಿ. ಕ್ಲೀನ್ಡ್‌ನಲ್ಲಿ ಬರೀ ಡಿ. ವಾಂಟೆಡ್ ಥರ ಮೊದಲೇ ಟಿ ಅಥವಾ ಡಿ ಇರುವ ಪದಗಳಲ್ಲಿ ಮಾತ್ರ ಅದು ಪೂರ್ತಿ ಒಂದು ತುಂಡಾಗಿ ಉಳಿಯುತ್ತದೆ.

ಸ್ವರಗಳಲ್ಲಿ ಹೊಸವು ಎಷ್ಟು

ಅಷ್ಟೊಂದಿಲ್ಲ. ಇಂಗ್ಲಿಷಿನ ಎ ಮತ್ತು ಇ ಅಕ್ಷರಗಳು ಬೆನ್ನಿಗೆ ಬೆನ್ನು ಅಂಟಿಸಿಕೊಂಡ ಗುರುತು ಬ್ಯಾಡ್, ಕ್ಯಾಟ್‌ನ ಸ್ವರ. ಇದು ಕನ್ನಡ ಲಿಪಿಯಲ್ಲಿ ಇಲ್ಲ ನಿಜ, ಆ್ಯ ಅಂತ ಏನೋ ಹೊಂದಿಸಿಕೊಂಡಿದ್ದೇವೆ. ಆದರೆ ಕನ್ನಡದವರ ಬಾಯಲ್ಲಿ ಚೆನ್ನಾಗಿಯೇ ಇದೆ. ಧಾರವಾಡದ ಕಡೆಯವರು "ಬ್ಯಾಡ" ಅನ್ನುವಾಗ, "ಮ್ಯಾಲೆ" ಅನ್ನುವಾಗ ಬರುತ್ತದಲ್ಲ, ಹೆಚ್ಚುಕಡಿಮೆ ಅದೇ ಸ್ವರ. ಬೇಡ ಅನ್ನುವುದನ್ನು ಬ್ಯಾಡ ಅಂದರೆ ಸ್ಕೂಲಿನಲ್ಲಿ ಬೈಸಿಕೊಂಡವರಿಗೆ ಇಲ್ಲಿ ಒಂದು ಹೆಜ್ಜೆ ಮುಂದೆ ಶುರು.

ನಿಜವಾಗಿ ಕಷ್ಟ ಕೊಡುವ ಸ್ವರ ಇನ್ನೊಂದು, 3ರ ಹಾಗಿನ ಗುರುತು, ಪಕ್ಕ ಎರಡು ಚುಕ್ಕೆ. ಬರ್ಡ್, ವರ್ಕ್, ಗರ್ಲ್. ನಾವು ಇಲ್ಲಿ ಅರ್ ಅನ್ನುತ್ತೇವೆ. ಬ್ರಿಟಿಷರ ಬಾಯಲ್ಲಿ ರ್ ಇಲ್ಲ, ಶ್ವಾವನ್ನೇ ಹಿಡಿದು ಉದ್ದ ಎಳೆದರೆ ಆಯಿತು. ವಾಕ್ ಮತ್ತು ವರ್ಕ್ ಫೋನಿನಲ್ಲಿ ಗಲಿಬಿಲಿ ಆಗುವುದು ಇಲ್ಲೇ. ವಾಕ್‌ನದು ಮೊದಲೇ ಹೇಳಿದ ಕನ್ನಡಿ ಸಿ, ತುಟಿ ದುಂಡು. ವರ್ಕ್‌ನದರಲ್ಲಿ ತುಟಿ ದುಂಡಾಗಬಾರದು.

ಎರಡು ಸ್ವರದ ಗುರುತು ಜೋಡಿಯಾಗಿ ಬಂದರೆ ಒಂದರಿಂದ ಇನ್ನೊಂದಕ್ಕೆ ಜಾರಬೇಕು. ಐ, ಔ ನಮ್ಮಲ್ಲೂ ಇವೆ, ಅವು ಸರಿ. ಗೇಟ್ ಅನ್ನುವಾಗ ಮಾತ್ರ ನಮ್ಮ ಏ ಒಂದೇ ಕಡೆ ಚಪ್ಪಟೆಯಾಗಿ ನಿಲ್ಲುತ್ತದೆ, ಅವರದು ಎ ಇಂದ ಇ ಕಡೆ ಜಾರುತ್ತದೆ. ಗೋ ಅನ್ನುವಾಗ ಬ್ರಿಟಿಷರದು ಶ್ವಾದಿಂದ ಉ ಕಡೆ. ಇದನ್ನು ನಮ್ಮ ಏ, ಓ ಥರಾನೇ ಹೇಳಿದರೂ ಯಾರಿಗೂ ಅರ್ಥ ಆಗದೇ ಇರುವುದಿಲ್ಲ, ಹಾಗಾಗಿ ನಾನಂತೂ ಇದರ ಹಿಂದೆ ಬೀಳಲಿಲ್ಲ. ಕೆಲವು ಡಿಕ್ಷನರಿಗಳಲ್ಲಿ ಬೆಡ್‌ನ ಎ ಸ್ವರಕ್ಕೆ ಕನ್ನಡಿಯಲ್ಲಿ ಕಂಡ 3 ಬರೆದಿರುತ್ತಾರೆ. ಸದ್ದು ಅದೇ.

ಒಂದು ಪದ ಪೂರ್ತಿ ಬಿಡಿಸೋಣ

ಡೆವಲಪ್. ಬೆಂಗಳೂರಿನಲ್ಲಿ ದಿನಕ್ಕೆ ಸಾವಿರ ಸಲ ಕೇಳುವ ಪದ, ಎಲ್ಲರ ಬಾಯಲ್ಲೂ "ಡೆ" ಜೋರು. ಕೇಂಬ್ರಿಡ್ಜ್ ತೆಗೆಯಿರಿ. ಮೊದಲು ಅಕ್ಷರ ಓದಬೇಡಿ, ಕಡ್ಡಿ ಹುಡುಕಿ. ವಿ ಅಕ್ಷರದ ಮುಂಚೆ ಇದೆ. ಅಂದರೆ ಒತ್ತು ಎರಡನೇ ತುಂಡಿಗೆ. ಈಗ ಕಡ್ಡಿಯ ಹಿಂದಿನದ್ದು: ಡಿ, ಆಮೇಲೆ ಚುಕ್ಕೆ ಇಲ್ಲದ ಗಿಡ್ಡ ಇ. "ಡೆ" ಅಲ್ಲ, "ಡಿ". ಕಡ್ಡಿಯ ಮುಂದಿನದ್ದು: ವಿ, ನೇರ ಇ ಅಂದರೆ ಎ, ಎಲ್. "ವೆಲ್". ಆಮೇಲೆ ಸಾಲಿನ ಮೇಲೇ ಒಂದು ಚುಕ್ಕೆ ಇದೆ, ಅದು ತುಂಡು ಎಲ್ಲಿ ಮುಗಿಯಿತು ಅಂತ ತೋರಿಸುವುದಕ್ಕೆ, ಅದಕ್ಕೆ ಸದ್ದಿಲ್ಲ. ಕೊನೆಗೆ ಶ್ವಾ ಮತ್ತು ಪಿ. ಎಲ್ಲ ಸೇರಿಸಿ: ಡಿ-ವೆಲ್-ಅಪ್, "ವೆಲ್" ಎದ್ದು ನಿಲ್ಲಬೇಕು, ಉಳಿದೆರಡು ತಗ್ಗಿ ಹೋಗಬೇಕು. ಮೇಜಿನ ಮೇಲೆ ಬೆರಳಿನಿಂದ ತಟ್ಟಿ, ಮಧ್ಯದ ಏಟು ಮಾತ್ರ ಜೋರು. ಮೂರು ಸಲ ಹೇಳಿ. ಈಗ ಸ್ಪೀಕರ್ ಒತ್ತಿ. ನಿಮ್ಮದನ್ನು ಫೋನಿನಲ್ಲಿ ರೆಕಾರ್ಡ್ ಮಾಡಿ ಹಿಂದೆ ಮುಂದೆ ಇಟ್ಟು ಕೇಳಿ. ಡೆವಲಪರ್, ಡೆವಲಪ್‌ಮೆಂಟ್ ಎರಡರಲ್ಲೂ ಕಡ್ಡಿ ಅಲ್ಲೇ ಇರುತ್ತದೆ, ಒಂದು ಕಲಿತರೆ ಮೂರು ಬಂತು.

ರೆಕಾರ್ಡ್ ಅಂದೆನಲ್ಲ, ಅದೂ ಒಂದು ಪಾಠ. ಅದು ಹೆಸರಾಗಿ ಬಂದರೆ ಕಡ್ಡಿ ಶುರುವಿನಲ್ಲಿ, ಕ್ರಿಯೆಯಾಗಿ ಬಂದರೆ "ಕಾರ್ಡ್" ಮುಂಚೆ. ಡಿಕ್ಷನರಿಯಲ್ಲಿ ಎರಡೂ ಬೇರೆ ಬೇರೆ ಕೊಟ್ಟಿರುತ್ತಾರೆ, ಮೊದಲನೆಯದನ್ನೇ ನೋಡಿ ಮುಚ್ಚಬೇಡಿ.

ಯಾವುದಕ್ಕೆ ತಲೆ ಕೆಡಿಸಿಕೊಳ್ಳಬಾರದು

ಕಾರ್‌ನ ಕೊನೆಯ ಆರ್ ಆವರಣದಲ್ಲಿ ಇರುವುದನ್ನು ನೋಡಿ ರ್ ನುಂಗುವ ಅಭ್ಯಾಸ ಮಾಡಬೇಕಾ? ಬೇಡ. ಅಮೆರಿಕದವರೂ ಹೇಳುತ್ತಾರೆ, ಸ್ಕಾಟ್ಲೆಂಡಿನವರೂ ಹೇಳುತ್ತಾರೆ. ನಮ್ಮ ರ್ ಇರಲಿ. ನಮ್ಮ ಟ, ಡ ಕೂಡ ಇರಲಿ. ಅವರದಕ್ಕಿಂತ ನಮ್ಮದರಲ್ಲಿ ನಾಲಿಗೆ ಸ್ವಲ್ಪ ಹಿಂದೆ ಮಡಚುತ್ತದೆ, ಅಷ್ಟೇ ವ್ಯತ್ಯಾಸ, ಅದರಿಂದ ಯಾವ ಪದವೂ ಇನ್ನೊಂದು ಪದ ಆಗುವುದಿಲ್ಲ. ಬೇರೆಯವರ ಹಾಗೆ ಮಾತಾಡುವ ನಟನೆ ನನಗೆ ಹಿಡಿಸುವುದಿಲ್ಲ, ಹೇಳಿದ್ದು ಒಂದೇ ಸಲಕ್ಕೆ ಅರ್ಥ ಆದರೆ ಸಾಕು.

ಓರೆಗೆರೆ ಹೇಳದ ಒಂದು ವಿಷಯ ಮಾತ್ರ ತಿಳಿದಿರಲಿ. ಇಂಗ್ಲಿಷಿನವರು ಪದದ ಶುರುವಿನ, ಒತ್ತಿರುವ ಪ, ಟ, ಕಗಳ ಜೊತೆ ಉಸಿರು ಬಿಡುತ್ತಾರೆ, ನಮ್ಮ ಮಹಾಪ್ರಾಣದ ಹಾಗೆ. ಅದರಿಂದ ಅವರಲ್ಲಿ ಅರ್ಥ ಬದಲಾಗುವುದಿಲ್ಲವಾದ್ದರಿಂದ ಡಿಕ್ಷನರಿ ಬರೆಯುವುದಿಲ್ಲ. ನಾವು ಉಸಿರಿಲ್ಲದೆ ಪಿನ್ ಅಂದರೆ ಕೆಲವೊಮ್ಮೆ ಅವರಿಗೆ ಬಿನ್ ಅಂತ ಕೇಳಿಸುತ್ತದೆ. ಬಾಯಿ ಮುಂದೆ ತೆಳು ಕಾಗದ ಹಿಡಿದು ಪಿನ್ ಅನ್ನಿ, ಕಾಗದ ಅಲುಗಬೇಕು. ಸ್ಪಿನ್ ಅನ್ನುವಾಗ ಅಲುಗಬಾರದು.

ದಿನಾ ಮಾಡುವುದು ಏನು

ಪಟ್ಟಿ ಇಟ್ಟುಕೊಂಡು 44 ಗುರುತು ಬಾಯಿಪಾಠ ಮಾಡಬೇಡಿ. ನಿಮ್ಮ ಕೆಲಸದಲ್ಲಿ ದಿನಾ ಬರುವ ಹತ್ತು ಪದ ತೆಗೆದುಕೊಳ್ಳಿ, ವಾರಕ್ಕೆ ಹತ್ತು. ಒಂದು ನೋಟ್‌ಬುಕ್ಕು. ಎಡಗಡೆ ಪದ, ಬಲಗಡೆ ಓರೆಗೆರೆ ಒಳಗಿನದ್ದನ್ನು ಪೆನ್ಸಿಲಿನಲ್ಲಿ ಕಾಪಿ ಮಾಡಿ, ಕಡ್ಡಿಗೆ ಕೆಂಪು ಪೆನ್ನು. ಕನ್ನಡದಲ್ಲಿ ಉಚ್ಚಾರಣೆ ಬರೆದುಕೊಳ್ಳುವ ಆಸೆ ಆಗುತ್ತದೆ, ದಯವಿಟ್ಟು ಬೇಡ. ಬಸ್‌ಸ್ಟ್ಯಾಂಡಿನಲ್ಲಿ ಸಿಗುವ ಇಂಗ್ಲಿಷ್ ಕಲಿಸುವ ಪುಸ್ತಕಗಳು ಹಾಗೇ ಮಾಡಿ ನನ್ನ ಎರಡು ಕಾಲರುಗಳನ್ನು ಒಂದು ಮಾಡಿದ್ದು. ಈ ಬರಹದಲ್ಲಿ ನಾನೂ ಕನ್ನಡದಲ್ಲೇ ಬರೆದಿದ್ದೇನಲ್ಲ, ಅದಕ್ಕೇ ಪ್ರತಿ ಸಲ ಡಿಕ್ಷನರಿ ನೋಡಿ ಅಂತ ಪೀಡಿಸುತ್ತಿದ್ದೇನೆ.

ಶುರುವಿಗೆ ಕೆಲವು ಪದ ಕೊಡುತ್ತೇನೆ, ಉತ್ತರ ನೀವೇ ಬಿಡಿಸಿ. ಮನೆ ನಲ್ಲಿ ರಿಪೇರಿಗೆ ಬರುವ ಪ್ಲಂಬರ್, ಅದರಲ್ಲಿ ಬ ಇದೆಯಾ ನೋಡಿ. ಅಂಗಡಿಯ ರಿಸೀಟ್, ಅದರ ಪಿ ಎಲ್ಲಿ ಹೋಯಿತು. ಸಾಫ್ಟ್‌ವೇರಿನವರು ಆರ್ಕೈವ್ ನೋಡಿ, ಚ ಇದೆಯಾ ಕ ಇದೆಯಾ. ಕ್ಯಾಷೆ ಅಂತ ಸ್ಟೈಲಾಗಿ ಅನ್ನುವವರು ಆ ಪದವನ್ನು ತೆಗೆದು, ಪಕ್ಕದಲ್ಲಿ ದುಡ್ಡಿನ ಕ್ಯಾಶ್ ಇಟ್ಟು ಹೋಲಿಸಿ. ಎತ್ತರ ಅನ್ನುವ ಹೈಟ್‌ನ ಕೊನೆಯಲ್ಲಿ ಮೊಟ್ಟೆ ಗುರುತು ಇದೆಯಾ ಹುಡುಕಿ. ಆಫ್ ಅಂತ ನಾವು ಅನ್ನುವ ಎರಡು ಪದ, ಒಂದು ಎಫ್ ಇರುವುದು, ಎರಡು ಎಫ್ ಇರುವುದು, ಒಂದರ ಕೊನೆಯಲ್ಲಿ ವಿ ಇದೆ, ಯಾವುದರದ್ದು ನೋಡಿ. ಇವೆಲ್ಲ ಆದ ಮೇಲೆ ಪ್ರೊನೌನ್ಸ್ ಮತ್ತು ಪ್ರೊನನ್ಸಿಯೇಷನ್ ಎರಡನ್ನೂ ತೆಗೆಯಿರಿ. ಉಚ್ಚಾರಣೆ ಕ್ಲಾಸಿಗೆ ಹೋಗುವವರೇ ಎರಡನೆಯದನ್ನೂ "ಪ್ರೊನೌನ್ಸಿಯೇಷನ್" ಅನ್ನುತ್ತಾರೆ, ನಾನೂ ವರ್ಷಗಟ್ಟಲೆ ಅಂದಿದ್ದೇನೆ. ಮೊದಲನೆಯದರ ಎರಡನೇ ತುಂಡಿನಲ್ಲಿ ಔ ಇದೆ. ಎರಡನೆಯದರ ಎರಡನೇ ತುಂಡಿನಲ್ಲಿ ಇರುವುದು ತಲೆಕೆಳಗಾದ ವಿ.